ಹಿಂದಿನ ಸಾಲಿನ ದನಿ

ಮಾರ್ಚ್ 4, ಭಾನುವಾರ

ಪ್ರೀತಿಯ ಅಕ್ಕ,

ನೀನು ಚೆನ್ನಾಗಿದ್ದೀಯಾ ಎಂದು ಈ ಸಲ ಕೇಳುವುದಿಲ್ಲ. ಚೆನ್ನಾಗಿಲ್ಲದವರು ಹಾಗೆ ಹಾಡಲಾರರು. ನಿಮ್ಮ ಆಸ್ಪತ್ರೆ ತಂಡದ ಹಾಡನ್ನು ಇವತ್ತು ಬೆಳಿಗ್ಗೆ ರೇಡಿಯೋದಲ್ಲಿ ಕೇಳಿದೆ. ನಾನೊಬ್ಬನೇ ಅಲ್ಲ, ಬಂದರಿನ ಕ್ಯಾಂಟೀನಿನಲ್ಲಿದ್ದವರೆಲ್ಲ ಕೇಳಿದರು. ಕೇಳದೆ ಅವರಿಗೆ ಬೇರೆ ದಾರಿ ಇರಲಿಲ್ಲ, ಯಾಕೆಂದರೆ ರೇಡಿಯೋ ನನ್ನ ಮೇಜಿನ ಮೇಲಿತ್ತು.

"ನಮ್ಮಕ್ಕ ಹಾಡ್ತಾಳೆ, ಯಾರೂ ಲೋಟ ಕುಟ್ಟಬಾರದು, ಕೆಮ್ಮು ಬಂದ್ರೆ ಹೊರಗೆ ಹೋಗಿ ಕೆಮ್ಮಿ" ಎಂದು ಮೊದಲೇ ಹೇಳಿಟ್ಟಿದ್ದೆ. ಕ್ರೇನ್ ಓಡಿಸುವವರನ್ನು ಬಾಯಿ ಮುಚ್ಚಿ ಕೂರಿಸುವುದು ಸಣ್ಣ ಕೆಲಸ ಅಂದುಕೊಳ್ಳಬೇಡ. ದಿನವಿಡೀ ಮೇಲೆ ಗೂಡಿನಂಥ ಕ್ಯಾಬಿನ್ನಿನಲ್ಲಿ ಒಬ್ಬೊಬ್ಬರೇ ಕೂತಿರುತ್ತೇವೆ, ಕೆಳಗಿಳಿದ ಮೇಲೆ ಕೂಡಿಟ್ಟ ಮಾತೆಲ್ಲ ಒಟ್ಟಿಗೇ ಹೊರಗೆ ಬರುತ್ತದೆ. ಆದರೂ ಕೂತರು.

ಎರಡನೇ ಹಾಡಿನಲ್ಲಿ ನಿನ್ನ ಗುರುತು ಸಿಕ್ಕಿತು. ಪಲ್ಲವಿಯ ಕೊನೆಗೆ ಒಂದು ಉದ್ದದ ಸ್ವರ ಇದೆಯಲ್ಲ, ಅದನ್ನು ಎಲ್ಲರೂ ಬಿಟ್ಟ ಮೇಲೂ ಹಿಂದಿನಿಂದ ಒಂದು ದಪ್ಪ ದನಿ ಚೂರು ಹೊತ್ತು ಬಿಡದೆ ಹಿಡಿದುಕೊಂಡಿತ್ತು. ಅಷ್ಟು ಹಠ ನಮ್ಮ ಮನೆಯಲ್ಲಿ ನಿನಗೆ ಬಿಟ್ಟರೆ ಇನ್ಯಾರಿಗಿದೆ? ಕ್ಯಾಂಟೀನಿನವಳು ಚಹಾ ಸುರಿಯುವುದನ್ನು ನಿಲ್ಲಿಸಿ, "ಇದು ಯಾರು?" ಎಂದು ಕೇಳಿದಳು. ನಾನು ಎದೆ ತಟ್ಟಿಕೊಂಡೆ.

ಭಾವ ಹೋದ ಮೇಲೆ ನೀನು ಮನೆಯೊಳಗೇ ಮುದುಡಿ ಕೂತುಬಿಡುತ್ತೀಯೇನೋ ಎಂದು ಹೆದರಿದ್ದೆ. ಈಗ ಆ ಹೆದರಿಕೆ ಇಲ್ಲ. ಇನ್ನು ಪ್ರತಿ ಭಾನುವಾರ ಕೇಳುತ್ತೇವೆ.

ನಿನ್ನ ತಮ್ಮ

—

ಮಾರ್ಚ್ 9

ತಮ್ಮ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ನೀನು ಕೇಳಿದ್ದು ನನ್ನ ದನಿ ಅಲ್ಲ ಕಣೋ. ನಾನು ಅಲ್ಲಿ ಹಾಡುವುದೇ ಇಲ್ಲ.

ಹೇಗೆ ಎಂದು ಹೇಳುತ್ತೇನೆ, ನಗಬೇಡ. ನಮಗೆ ಹಾಡು ಹೇಳಿಕೊಡುವವರನ್ನು ಎಲ್ಲರೂ ಕಡ್ಡಿ ಮೇಷ್ಟ್ರು ಅನ್ನುತ್ತಾರೆ. ಆಳೂ ಕಡ್ಡಿ, ಕೈಯಲ್ಲಿ ಹಿಡಿಯುವುದೂ ಕಡ್ಡಿ. ಅಭ್ಯಾಸದ ದಿನ ನಾವು ಹಾಡುತ್ತಿರುವಾಗ ಅವರು ಸಾಲುಗಳ ನಡುವೆ ನಡೆದು ಬರುತ್ತಾರೆ, ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ತರುತ್ತಾರೆ. ಯಾರ ದನಿಯಾದರೂ ಬೇರೆಯಾಗಿ ಕೇಳಿಸಿದರೆ ಹೆಗಲ ಮೇಲೆ ಕಡ್ಡಿ ತಾಗಿಸುತ್ತಾರೆ. ತಗ್ಗಿಸಬೇಕು ಎಂದು ಅರ್ಥ. ಹಾಗೆ ಮತ್ತೆ ಮತ್ತೆ ತಾಗಿಸಿಕೊಂಡವರು ಕೊನೆಗೆ ಹಿಂದಿನ ಸಾಲಿಗೆ ಹೋಗುತ್ತಾರೆ. ಅಲ್ಲಿ ನಿಂತವರು ಬಾಯಿ ಆಡಿಸಬೇಕು, ದನಿ ಹೊರಡಿಸಬಾರದು. ಭಾನುವಾರ ಎದುರಿಗೆ ಕೂತ ಜನಕ್ಕೆ ಸಾಲು ತುಂಬಿ ಕಂಡರೆ ಸಾಕು.

ನನಗೆ ಮೊದಲ ದಿನವೇ ತಾಗಿಸಿದರು. ತಗ್ಗಿಸಿದೆ. ಮತ್ತೆ ತಾಗಿಸಿದರು. ನಾನೇನು ಮಾಡಲಿ? ನಮ್ಮ ಲಾಂಡ್ರಿಯಲ್ಲಿ ಮಾತಾಡುವುದು ಅಂದರೆ ಕೂಗುವುದು. ಒಗೆಯುವ ಡ್ರಮ್ಮುಗಳು ಒಂದು ಕಡೆ ಗುಡುಗುತ್ತವೆ, ಬೆಡ್‌ಶೀಟ್ ಇಸ್ತ್ರಿಯಾಗುವ ಬಿಸಿ ರೋಲರ್ ಇನ್ನೊಂದು ಕಡೆ. ಆ ಸದ್ದಿಗೆ ನನ್ನ ಎಡಗಿವಿ ಹೆಚ್ಚುಕಡಿಮೆ ಹೊರಟೇ ಹೋಗಿದೆ. ನನಗೆ ಪಿಸುಮಾತು ಅನ್ನಿಸಿದ್ದು ಉಳಿದವರಿಗೆ ಕೂಗು.

ಮೇಷ್ಟ್ರು ಕೆಟ್ಟವರಲ್ಲ. "ಲಾಂಡ್ರಿಯವರೇ, ನಿಮ್ಮ ದನಿ ಕೆಟ್ಟದು ಅಂತಲ್ಲ. ಆದ್ರೆ ಅಷ್ಟು ಜನ ಇರುವಾಗ ನೀವೊಬ್ರೇ ಕೇಳಿಸ್ತೀರಿ" ಅಂದರು. ಅವರು ಹೇಳುವುದೂ ಸರಿಯೇ. ಹಿಂದೆ ಹೋಗಿ ನಿಂತೆ.

ಬಿಟ್ಟು ಬಾ ಎಂದು ನೀನು ಬರೆಯುತ್ತೀಯ, ನನಗೆ ಗೊತ್ತು. ಬರೆಯಬೇಡ. ಭಾನುವಾರ ಲಾಂಡ್ರಿಗೆ ರಜೆ. ಮೊದಲೆಲ್ಲ ಆವತ್ತು ಬೆಳಿಗ್ಗೆ ಎದ್ದು ಎರಡು ಕೋಣೆಗಳ ನಡುವೆ ಸುಮ್ಮನೆ ಓಡಾಡುತ್ತಿದ್ದೆ. ಈಗ ತಂಡದಲ್ಲಿ ಕೊಟ್ಟ ಬಿಳಿ ಶಾಲನ್ನು ಒಗೆದು ಇಸ್ತ್ರಿ ಮಾಡಿ ಹೊದ್ದು ಹೊರಡುತ್ತೇನೆ. ದಾರಿಯಲ್ಲಿ ನರ್ಸುಗಳು, ಅಡುಗೆಯವರು, ಲಿಫ್ಟಿನವನು ಜೊತೆಯಾಗುತ್ತಾರೆ. ಎಲ್ಲರ ಹಾಗೆ ನನಗೂ ಒಂದು ಶಾಲು ಇದೆ, ನಿಲ್ಲಲು ಒಂದು ಜಾಗ ಇದೆ. ಅದಕ್ಕೆ ಕೊಡಬೇಕಾದ್ದು ಬಾಯಿ ಮುಚ್ಚಿಕೊಂಡಿರುವುದು ಅಷ್ಟೇ ಅಲ್ಲವಾ?

ಕ್ಯಾಂಟೀನಿನವರಿಗೆ ನಿಜ ಹೇಳಿಬಿಡು.

ಅಕ್ಕ

—

ಮಾರ್ಚ್ 14

ಅಕ್ಕ,

ನಿನ್ನ ವಿನಯ ಅತಿಯಾಯಿತು. ಹೊಗಳಿದರೆ ಸಾಕು, ನೀನು ಬಾಗಿಲ ಹಿಂದೆ ಹೋಗಿ ನಿಲ್ಲುವವಳು. "ನಾನಲ್ಲ, ನಾನಲ್ಲ" ಎಂದು ಎರಡು ಪುಟ ಬರೆದಿದ್ದೀಯ. ಹಾಗಾದರೆ ಆ ದನಿ ಯಾರದು, ದೆವ್ವದ್ದಾ?

ಮೊನ್ನೆ ಭಾನುವಾರವೂ ಕೇಳಿತು. ಅದೇ ದನಿ, ಹಿಂದಿನಿಂದ, ಯಾರ ಜೊತೆಗೂ ಸೇರದೆ. ಉಳಿದವರೆಲ್ಲ ಸೇರಿ ಒಂದು ಗೋಡೆ ಕಟ್ಟಿದರೆ ಇದೊಂದು ಕಿಟಕಿ ತೆಗೆದ ಹಾಗಿತ್ತು. ರಾಟೆಗೆ ಎಣ್ಣೆ ಹಾಕುವ ನಮ್ಮ ಮೆಕ್ಯಾನಿಕ್ ಯಾರನ್ನೂ ಹೊಗಳುವ ಆಸಾಮಿಯಲ್ಲ. ಅವನೇ, "ಉಳಿದೋರು ಚೆನ್ನಾಗಿ ಹಾಡ್ತಾರೆ, ಈಯಮ್ಮ ಹಾಡ್ತಿದ್ದಾಳೆ" ಅಂದ. ಆ ಮಾತಿಗೆ ನನ್ನ ಕಣ್ಣು ಒದ್ದೆಯಾಯಿತು. ಹೊಗೆ ಅಂತ ಹೇಳಿ ತಪ್ಪಿಸಿಕೊಂಡೆ.

ಬಾಯಾಡಿಸುವ ಸಾಲಂತೆ, ಹೆಗಲಿಗೆ ಕಡ್ಡಿಯಂತೆ. ಒಳ್ಳೇ ಕತೆ ಕಟ್ಟುತ್ತೀಯ. ಹಾಡುವುದು ಸಾಲದು ಅಂತ ಕತೆ ಬರೆಯಲೂ ಶುರು ಮಾಡಿದೆಯಾ?

ತಮ್ಮ

—

ಮಾರ್ಚ್ 19

ಲೋ ದಡ್ಡ,

ನಿನ್ನನ್ನು ನಂಬಿಸುವುದಕ್ಕಿಂತ ಒದ್ದೆ ಕಂಬಳಿ ಹಿಂಡುವುದು ಸುಲಭ. ಆದರೆ ನಿನ್ನ ಪತ್ರ ಓದಿದ ಮೇಲೆ ನನಗೂ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ನಾನು ಹಾಡುತ್ತಿಲ್ಲ. ಹಿಂದಿನ ಸಾಲಿನ ಉಳಿದ ಮೂವರೂ ಹಾಡುವ ಹಾಗಿಲ್ಲ. ಹಾಗಿದ್ದರೆ ನೀನು ಕೇಳುತ್ತಿರುವುದು ಯಾರನ್ನು? ನಮ್ಮ ಕಾರ್ಯಕ್ರಮ ನೇರ ಪ್ರಸಾರ. ಹಾಡುವ ಹೊತ್ತಿಗೆ ನಾವೆಲ್ಲ ಅಲ್ಲೇ ಇರುವುದರಿಂದ ರೇಡಿಯೋದಲ್ಲಿ ಅದು ಹೇಗೆ ಬರುತ್ತದೆ ಎಂದು ತಂಡದಲ್ಲಿ ಯಾರಿಗೂ ಗೊತ್ತಿಲ್ಲ, ಮೇಷ್ಟ್ರಿಗೂ.

ನಿನ್ನೆ ಕಾರ್ಯಕ್ರಮಕ್ಕೆ ಮೊದಲು ವೈರು ಎಳೆಯುವ ರೇಡಿಯೋದವನನ್ನು ಕೇಳಿದೆ. ಮುಂದೆ ಇಟ್ಟರೆ ಛಾವಣಿ ಗುಂಯ್‌ಗುಡುತ್ತದೆ ಎಂದು ಒಂದು ಮೈಕನ್ನು ಹಿಂದಿನ ಸಾಲಿನ ತಲೆಯ ಮೇಲೆ ಕಟ್ಟಿದ್ದಾನಂತೆ. ಆ ಗುಂಯ್‌ಗೆ ಹಿಂದಿನ ದನಿ ಮುಂದೆ ನಿಂತ ಮೇಷ್ಟ್ರಿಗೆ ಮುಟ್ಟುವುದೂ ಇಲ್ಲವಂತೆ. ಎರಡನೇ ಹಾಡು ಬಂದಾಗ, ಬಾಯಿ ಆಡಿಸುತ್ತಲೇ ನನ್ನ ಒಳ್ಳೆಯ ಕಿವಿಯನ್ನು ಎಡಕ್ಕೆ ತಿರುಗಿಸಿದೆ. ತಮ್ಮಾ, ನನ್ನ ಮೈ ಜುಂ ಅಂದಿತು. ನನ್ನ ಎಡಗಡೆ ನಿಲ್ಲುವಾಕೆ ಹಾಡುತ್ತಿದ್ದಳು. ನೀನು ಬರೆದ ದನಿಯೇ. ಇಷ್ಟು ದಿನ ಕೆಟ್ಟ ಕಿವಿಯ ಕಡೆ ನಿಂತು ಹಾಡಿದ್ದಾಳೆ, ನನಗೆ ತಿಳಿದೇ ಇಲ್ಲ. ಉಳಿದಿಬ್ಬರಿಗೆ ಮೊದಲಿಂದಲೂ ಗೊತ್ತಿತ್ತಂತೆ. ನನಗೂ ಗೊತ್ತು ಅಂದುಕೊಂಡು ಸುಮ್ಮನಿದ್ದರಂತೆ.

ಆಕೆ ಮೂಳೆ ವಿಭಾಗದಲ್ಲಿ ಪ್ಲಾಸ್ಟರ್ ಬಿಚ್ಚುವವಳು. ಮಕ್ಕಳು ಪ್ಲಾಸ್ಟರಮ್ಮ ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ. ಕುಳ್ಳಗೆ, ಗಟ್ಟಿಮುಟ್ಟು, ಮಾತು ಕಡಿಮೆ. ಇವತ್ತು ಊಟದ ಬಿಡುವಿನಲ್ಲಿ ಅವರ ಕೋಣೆಗೆ ಹೋಗಿದ್ದೆ. ಒಬ್ಬ ಹುಡುಗಿಯ ಕೈಯ ಪ್ಲಾಸ್ಟರ್ ಬಿಚ್ಚುತ್ತಿದ್ದರು. ಆ ಸಣ್ಣ ಗರಗಸ ಕರ್ರೋ ಎಂದು ಕೂಗಿದರೆ ದೊಡ್ಡವರಿಗೂ ಎದೆ ಹಾರುತ್ತದೆ. ಹುಡುಗಿ ಅಳಲು ಬಾಯಿ ತೆರೆದಳು. ಪ್ಲಾಸ್ಟರಮ್ಮ ಗರಗಸ ಯಾವ ಸ್ವರದಲ್ಲಿ ಕೂಗುತ್ತದೋ ಅದೇ ಸ್ವರ ಹಿಡಿದು ಹಾಡತೊಡಗಿದರು. ಗರಗಸದ ಸದ್ದು ಅವರ ದನಿಯೊಳಗೆ ಸೇರಿಹೋಯಿತು. ಹುಡುಗಿ ಅಳುವುದು ಮರೆತು ಅವರ ಬಾಯಿ ನೋಡುತ್ತಾ ಕೂತಳು. ಪ್ಲಾಸ್ಟರ್ ಬಿಚ್ಚಿ ಮುಗಿಯುವವರೆಗೂ ಆ ಸ್ವರವನ್ನು ಬಿಡುವ ಹಾಗಿಲ್ಲ, ಬಿಟ್ಟರೆ ಮಗುವಿಗೆ ಗರಗಸ ಕೇಳಿಸುತ್ತದೆ. ಅವರು ಎಲ್ಲರಿಗಿಂತ ಕೊನೆಗೆ ಯಾಕೆ ನಿಲ್ಲಿಸುತ್ತಾರೆ ಎಂದು ನನಗೆ ಆಗ ತಿಳಿಯಿತು.

"ಮೇಷ್ಟ್ರು ಹಾಡಬೇಡಿ ಅಂದಿದ್ದಾರಲ್ಲ?" ಎಂದು ಕೇಳಿದೆ.

"ಪ್ರಾಕ್ಟೀಸಲ್ಲಿ ಅಂದ್ರು. ಪ್ರಾಕ್ಟೀಸಲ್ಲಿ ಹಾಡಲ್ಲ" ಅಂದರು.

"ಸಿಕ್ಕಿಬಿದ್ರೆ?"

"ಸಿಕ್ಕಿಬೀಳೋದಕ್ಕೆ ನಾನೇನು ಕದ್ದಿದ್ದೀನಾ? ನನ್ನ ಬಾಯಿ, ನನ್ನ ಉಸಿರು." ಹೀಗಂದು ಗರಗಸ ಒರೆಸಿಟ್ಟು ಡಬ್ಬಿ ತೆರೆದು ಊಟಕ್ಕೆ ಕೂತರು. ನನಗೂ ಒಂದು ಪಾಲು ತಳ್ಳಿದರು.

ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ಅವರಿಗೂ ಅದೇ ಶಾಲು, ಅದೇ ಸಾಲು. ಅವರಿಗೆ ಬೇಕಾದ್ದು ಅವರು ಮಾಡುತ್ತಾರೆ. ನಾನು ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತೇನೆ. ಲಾಂಡ್ರಿಗೆ ವಾಪಸ್ ಬಂದ ಮೇಲೂ ಸಂಜೆಯವರೆಗೆ ಅವರದೇ ಯೋಚನೆ. ಅಂಥವರನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಈಗಲಾದರೂ ನಂಬು.

ಅಕ್ಕ

—

ಮಾರ್ಚ್ 24

ಅಕ್ಕ,

ಪ್ಲಾಸ್ಟರಮ್ಮ ಬಹಳ ಚೆನ್ನಾಗಿದ್ದಾಳೆ. ಗರಗಸದ ಭಾಗವನ್ನು ಕ್ಯಾಂಟೀನಿನಲ್ಲಿ ಗಟ್ಟಿಯಾಗಿ ಓದಿದೆ, ಎಲ್ಲರೂ ತಲೆದೂಗಿದರು. ಆದರೆ ನಾನು ನಿನ್ನ ಜೊತೆ ಬೆಳೆದವನು. ಒಳ್ಳೆಯದು ಏನೇ ಮಾಡಿದರೂ ಇನ್ನೊಬ್ಬರ ತಲೆಗೆ ಕಟ್ಟುವುದು ನಿನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ.

ಅದಕ್ಕೇ ಒಂದು ಕೆಲಸ ಮಾಡಿದ್ದೇನೆ. ಕೋಪ ಮಾಡಿಕೊಳ್ಳಬಾರದು. ಹೋದ ವಾರವೇ ರೇಡಿಯೋದವರಿಗೆ ಒಂದು ಪತ್ರ ಹಾಕಿದೆ. "ಆಸ್ಪತ್ರೆ ತಂಡದ ಹಿಂದಿನ ಸಾಲಿನಲ್ಲಿ ಹಾಡುವ ಲಾಂಡ್ರಿಯ ಅಕ್ಕನ ದನಿಗೆ ಬಂದರಿನ ಕ್ರೇನಿನವರೆಲ್ಲರ ನಮಸ್ಕಾರ. ಆ ದನಿ ಕೇಳದಿದ್ದರೆ ನಮಗೆ ಭಾನುವಾರ ಭಾನುವಾರ ಅನ್ನಿಸುವುದಿಲ್ಲ" ಎಂದು ಬರೆದೆ. ಎಲ್ಲರೂ ಸಹಿ ಹಾಕಿದರು, ಮೆಕ್ಯಾನಿಕ್ ಎಣ್ಣೆಯ ಹೆಬ್ಬೆಟ್ಟನ್ನೂ ಒತ್ತಿದ.

ನಿಮ್ಮ ಮೇಷ್ಟ್ರಿಗೂ ತಲುಪಿಸಿ ಎಂದು ಕೊನೆಯಲ್ಲಿ ಸೇರಿಸಿದ್ದೇನೆ. ಅವರಿಗೂ ತಮ್ಮ ತಂಡದಲ್ಲಿ ಯಾರಿದ್ದಾರೆ ಎಂದು ಗೊತ್ತಾಗಲಿ.

ತಮ್ಮ

—

ಏಪ್ರಿಲ್ 3

ತಮ್ಮ,

ನಿನ್ನ ಕೈಗೆ ಪೆನ್ನು ಕೊಟ್ಟವರು ಯಾರು? ಅಷ್ಟು ಎತ್ತರದಲ್ಲಿ ಕೂತು ಲೋಡುಗಟ್ಟಲೆ ಪೆಟ್ಟಿಗೆಗಳನ್ನು ಕೂದಲೆಳೆ ತಪ್ಪದೆ ಇಳಿಸುತ್ತೀಯಂತೆ. ಒಂದು ಕಾಗದವನ್ನು ಎಲ್ಲಿ ಇಳಿಸಬೇಕು ಎಂದು ನಿನಗೆ ತಿಳಿಯಲಿಲ್ಲವಲ್ಲ.

ಇವತ್ತು ಅಭ್ಯಾಸ ಇತ್ತು. ಮೇಷ್ಟ್ರು ನಿನ್ನ ಪತ್ರ ಹಿಡಿದುಕೊಂಡು ಬಂದರು. ಪೂರ್ತಿ ಓದಿದರು. ಎಲ್ಲರೂ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಮೇಷ್ಟ್ರು ನನ್ನ ಮುಂದೆ ಬಂದು ನಿಂತು, "ಲಾಂಡ್ರಿಯವರೇ, ನೀವು ಹಾಡ್ತಿದ್ರಾ?" ಎಂದು ಕೇಳಿದರು.

ಇಲ್ಲ ಅನ್ನಬಹುದಿತ್ತು. ನಿಜವೂ ಅದೇ. ಅಷ್ಟರಲ್ಲಿ ಪಕ್ಕದಲ್ಲಿ ಪ್ಲಾಸ್ಟರಮ್ಮ ಹೇಳಲು ಬಾಯಿ ತೆರೆದಿದ್ದು ಕಂಡಿತು. ಅವರು ಸುಳ್ಳು ಹೇಳುವವರಲ್ಲ, ಒಪ್ಪಿಕೊಂಡುಬಿಡುತ್ತಿದ್ದರು. ಆಮೇಲೆ ಭಾನುವಾರ ಆ ದನಿ ಇರುವುದಿಲ್ಲ. ನನಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಅವರ ಕಾಲನ್ನು ಬಲವಾಗಿ ತುಳಿದು, "ಹೌದು ಮೇಷ್ಟ್ರೇ, ನಾನೇ" ಅಂದೆ.

ಮೇಷ್ಟ್ರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಇಷ್ಟು ಜನ ತಮ್ಮ ತಮ್ಮ ದನಿ ಬಿಟ್ಟುಕೊಟ್ಟು ಒಂದಾಗಿದ್ದಾರೆ. ನೀವೊಬ್ರು ಬಿಟ್ಟುಕೊಡಲ್ಲ ಅಂದ್ರೆ ಅವರಿಗೆ ನಾನು ಏನು ಹೇಳ್ಲಿ?" ಎಂದು ಕೇಳಿದರು. ಈ ಭಾನುವಾರ ಮಾತ್ರ ನಿಲ್ಲಬೇಕಂತೆ, ನಾನಿಲ್ಲದಿದ್ದರೆ ಸಾಲು ಸೊಟ್ಟಗೆ ಕಾಣುತ್ತದಂತೆ. ಅದು ಮುಗಿದ ಮೇಲೆ ಶಾಲು ವಾಪಸ್ ಕೊಟ್ಟು ಹೋಗಬೇಕು.

ಹೊರಗೆ ಬಂದ ಮೇಲೆ ಪ್ಲಾಸ್ಟರಮ್ಮ ನನ್ನನ್ನು ಬೈದರು. "ನನ್ನ ತಪ್ಪು ಹೊತ್ಕೊಳ್ಳೋಕೆ ನೀವ್ಯಾರ್ರೀ? ನಾಳೆನೇ ಹೋಗಿ ಹೇಳ್ತೀನಿ" ಅಂದರು. ಕೈಮುಗಿದು ಬೇಡಿಕೊಂಡೆ. "ಹಾಗಾದ್ರೆ ಒಂದು ಷರತ್ತು" ಅಂದರು. ಏನು ಷರತ್ತು ಎಂದು ಇಲ್ಲಿ ಬರೆಯುವುದಿಲ್ಲ.

ಮನೆಗೆ ಬಂದು ಅತ್ತೆ. ನಿನ್ನ ಮೇಲೆ ಕೋಪ ಬಂತು, ನನ್ನ ಮೇಲೂ ಬಂತು. ಆಮೇಲೆ ಮುಖ ತೊಳೆಯುವಾಗ ಒಂದು ಯೋಚನೆ ಹೊಳೆದು ನಗು ಬಂದುಬಿಟ್ಟಿತು. ಹಾಡದ ಹಾಡಿಗೆ ಶಿಕ್ಷೆ ಆಗಿದೆ. ಇನ್ನು ಮೇಲೆ ಸುಮ್ಮನೆ ನಿಂತರೆ ನನ್ನಷ್ಟು ಪೆದ್ದಿ ಇನ್ನೊಬ್ಬಳಿಲ್ಲ.

ಭಾನುವಾರ ರೇಡಿಯೋ ಹಾಕು.

ಅಕ್ಕ

—

ಏಪ್ರಿಲ್ 8, ಭಾನುವಾರ ಸಂಜೆ

ತಮ್ಮ,

ಮುಗಿಯಿತು. ಶಾಲು ಕೊಟ್ಟು ಬಂದೆ.

ಮೊದಲ ಹಾಡಿಗೆ ನನ್ನ ಗಂಟಲು ಏಳಲೇ ಇಲ್ಲ. ಬಾಯಿ ಆಡಿಸಿ ರೂಢಿಯಾಗಿ ದನಿ ಎಲ್ಲಿಂದ ಹೊರಡಬೇಕು ಎನ್ನುವುದೇ ಮರೆತಿತ್ತು. ಪ್ಲಾಸ್ಟರಮ್ಮ ಮೊಣಕೈಯಿಂದ ತಿವಿದರು. ಅವರ ಷರತ್ತು ಅದೇ, ನಾನೂ ಹಾಡಬೇಕು, ತಗ್ಗಿಸಬಾರದು. ಎರಡನೇ ಹಾಡಿನಲ್ಲಿ ಕಣ್ಣು ಮುಚ್ಚಿ ಬಿಟ್ಟೆ ನೋಡು. ಲಾಂಡ್ರಿಯ ಈ ತುದಿಯಿಂದ ಆ ತುದಿಗೆ "ರೋಲರ್ ನಿಲ್ಲಿಸ್ರೇ" ಎಂದು ಕೂಗುವಾಗ ಎಲ್ಲಿಂದ ಬರುತ್ತದೋ ಅಲ್ಲಿಂದಲೇ ಬಂತು. ಮುಂದಿನ ಸಾಲಿನವರ ಕತ್ತುಗಳು ಅಲುಗಾಡಿದವು. ಮೇಷ್ಟ್ರ ಕಡ್ಡಿ ಗಾಳಿಯಲ್ಲಿ ಒಂದು ಸಲ ತಡವರಿಸಿ, ಮತ್ತೆ ನಡೆಯಿತು. ನೇರ ಪ್ರಸಾರ, ನಿಲ್ಲಿಸುವಂತಿಲ್ಲ. ಪಲ್ಲವಿಯ ಕೊನೆಯ ಸ್ವರವನ್ನು ಎಲ್ಲರೂ ಬಿಟ್ಟರು. ನಾವಿಬ್ಬರು ಬಿಡಲಿಲ್ಲ.

ಮುಗಿದ ಮೇಲೆ ಮೇಷ್ಟ್ರು ಕೈ ಚಾಚಿದರು. ಶಾಲು ಕೊಟ್ಟೆ. ಅದನ್ನು ಮಡಚುತ್ತಾ ನಿಂತರು. ಅಂಚಿಗೆ ಅಂಚು ಕೂಡಿಸದೆ ಮುದ್ದೆ ಮಾಡುತ್ತಿದ್ದರು, ನನಗೆ ನೋಡಲಾಗಲಿಲ್ಲ. ಕಿತ್ತುಕೊಂಡು ಸರಿಯಾಗಿ ಮಡಚಿ ಕೊಟ್ಟೆ. ಅವರು ತಲೆಯೆತ್ತದೆ, "ಚೆನ್ನಾಗಿತ್ತು. ಆದ್ರೆ ನನಗೆ ಅದು ಬೇಡ" ಅಂದರು. ಅಷ್ಟು ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಬಂತು. ಪ್ಲಾಸ್ಟರಮ್ಮ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. "ನಿಮ್ಮ ಗಂಟಲು ನನ್ನ ಗರಗಸಕ್ಕಿಂತ ಜೋರು ಕಣ್ರೀ" ಅಂದರು. ಅವರ ಬಾಯಿಂದ ಅದು ದೊಡ್ಡ ಹೊಗಳಿಕೆ. ಅವರ ಶಾಲು ಮೈಮೇಲೇ ಇತ್ತು. ಅವರು ಇನ್ನೂ ಅಲ್ಲಿ ಇರುತ್ತಾರೆ ಎಂದು ಸಮಾಧಾನವಾಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಎಂದು ಗೊತ್ತಿಲ್ಲ. ಒಂದೇ ಒಂದು ಕೇಳುತ್ತೇನೆ, ಈ ಸಲ ನನ್ನನ್ನು ಖುಷಿಪಡಿಸಲು ಏನೂ ಬರೆಯಬೇಡ. ನಾನು ಕೇಳಿಸಿದೆನಾ? ಇಲ್ಲದಿದ್ದರೆ ಇಲ್ಲ ಅನ್ನು.

ಅಕ್ಕ

—

ಏಪ್ರಿಲ್ 8, ಭಾನುವಾರ ಮಧ್ಯಾಹ್ನ

ಅಕ್ಕ,

ನಿನ್ನ ಮುಂದಿನ ಪತ್ರಕ್ಕೆ ಕಾಯುವಷ್ಟು ತಾಳ್ಮೆ ನನಗಿಲ್ಲ. ಕ್ಯಾಂಟೀನಿನಲ್ಲೇ ಕೂತು ಬರೆಯುತ್ತಿದ್ದೇನೆ.

ಶಾಲು ವಾಪಸ್ ಕೊಡಬೇಕು ಎಂದು ನೀನು ಮೂರನೇ ತಾರೀಕು ಬರೆದದ್ದನ್ನು ಓದಿದ್ದೆ. ಎರಡು ದಿನ ಊಟ ಸೇರಲಿಲ್ಲ. ಆದರೂ ನೋಡು, ನನ್ನ ಮೊಂಡುತನ, ಇವತ್ತು ಬೆಳಿಗ್ಗೆಯವರೆಗೂ ಆ ದನಿ ನಿನ್ನದೇ ಎಂದು ನಂಬಿದ್ದೆ. ಎರಡನೇ ಹಾಡು ಶುರುವಾಯಿತು. ಅದೇ ದನಿ ಬಂತು. "ಬಂದ್ಲು ನಮ್ಮಕ್ಕ" ಎಂದು ಎಲ್ಲರ ಕಡೆ ನೋಡಿ ಹುಬ್ಬು ಹಾರಿಸಿದೆ.

ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು ದನಿ ಎದ್ದಿತು.

ನಾನು ಇಷ್ಟು ದಿನ ಹೊಗಳಿದ್ದೆಲ್ಲ ಯಾರನ್ನು ಎಂದು ಆ ಕ್ಷಣವೇ ತಿಳಿಯಿತು. ಪ್ಲಾಸ್ಟರಮ್ಮನಿಗೆ ನನ್ನ ನಮಸ್ಕಾರ ಹೇಳು. ಅವರ ದನಿಯನ್ನು ನಾನು ಹೊಗಳಿದ್ದು ಸುಳ್ಳಲ್ಲ, ಒಂದು ಮಾತನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಅದನ್ನು ಕೇಳಲು ನಾನು ಆರಾಮಾಗಿ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಇವತ್ತು ಆ ಇನ್ನೊಂದು ದನಿ ಬಂದದ್ದೇ ತಡ, ನನ್ನ ಕಾಲು ತಾನಾಗಿ ಎದ್ದು ನಿಂತಿತು. ಕೈಯಲ್ಲಿದ್ದ ಚಹಾ ಚೆಲ್ಲಿತು. ಯಾಕೆ ನಿಂತೆ ಎಂದು ನನಗೇ ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ನಾನು ಪಕ್ಕದ ಬೀದಿಯಲ್ಲಿ ಆಡುತ್ತಿದ್ದರೂ, ಅದರಾಚೆಯ ಬೀದಿಯಲ್ಲಿದ್ದರೂ, ಗೆಲ್ಲುವ ಆಟವಾದರೂ ಬಿಟ್ಟು ಮನೆಗೆ ಓಡಿಸುತ್ತಿದ್ದ ದನಿ ಅದು. ಮಹಡಿಯ ಕಟ್ಟೆಗೆ ಒರಗಿ ನೀನು ಒಂದೇ ಒಂದು ಸಲ ಕರೆಯುತ್ತಿದ್ದೆ. ಇಡೀ ಬೀದಿಯ ಮಕ್ಕಳು ನನ್ನನ್ನು ನೋಡಿ, "ಹೋಗೋ, ನಿಮ್ಮಕ್ಕ" ಅನ್ನುತ್ತಿದ್ದರು. ಅಂಥ ದನಿ ಬೇರೆ ಯಾರಿಗೂ ಇರಲಿಲ್ಲ, ನನಗೆ ಅದೇ ಹೆಮ್ಮೆ.

ಹಾಡು ಮುಗಿದರೂ ನಾನು ನಿಂತೇ ಇದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನಾಯಿತು, ಎಲ್ಲಿಗೆ ಹೊರಟೆ ಎಂದು ಕ್ಯಾಂಟೀನಿನವಳು ಕೇಳಿದಳು.

"ನಮ್ಮಕ್ಕ ಊಟಕ್ಕೆ ಕರೀತಿದ್ದಾಳೆ" ಅಂದೆ.

ತಮ್ಮ